ಜರ್ಮನಿಯಲ್ಲಿ ಓದು, ವಾರಾಂತ್ಯದಲ್ಲಿ ಸುತ್ತಾಟ: ಅಲ್ಲಿರುವವರು ಅನುಭವ ಹೇಳಿ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲು ಡ್ರೆಸ್ಡೆನ್‌ಗೆ ಹೊರಟಿದ್ದೇನೆ. ಬ್ಲಾಕ್ಡ್ ಅಕೌಂಟ್ (ಖರ್ಚಿನ ಹಣ ಮೊದಲೇ ಇಟ್ಟು, ತಿಂಗಳಿಗೆ ಇಂತಿಷ್ಟೇ ಎಂದು ತೆಗೆಯುವ ಖಾತೆ) ಆಯಿತು, ವೀಸಾ ಬಂತು. ಅಲ್ಲಿ ದಿನಗಳು ಹೇಗಿರುತ್ತವೆ ಎಂದು ಗೊತ್ತಾಗುತ್ತಿಲ್ಲ. ಓದು, ಅಡುಗೆ, ಪಾರ್ಟ್ ಟೈಮ್ ಕೆಲಸ ಎಲ್ಲ ಮುಗಿಸಿ ಶನಿವಾರ, ಭಾನುವಾರ ಊರು ನೋಡಲು ಆಗುತ್ತದಾ? ಗೆಳೆಯರ ಫೋಟೋ ನೋಡಿದರೆ ವಾರಕ್ಕೊಂದು ದೇಶ ಸುತ್ತುತ್ತಿರುವ ಹಾಗಿದೆ. ಆ ಅಕೌಂಟ್‌ನಿಂದ ತಿಂಗಳಿಗೆ ಸಿಗುವ 992 ಯೂರೊದಲ್ಲಿ ಅದು ಸಾಧ್ಯವಾ?

ಡ್ರೆಸ್ಡೆನ್‌ನಿಂದ:

ಸುತ್ತಾಡಲು ಖಂಡಿತ ಆಗುತ್ತದೆ. ವಾರಕ್ಕೊಂದು ದೇಶ ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಹತ್ತಿರದ್ದನ್ನು ಮೊದಲು ನೋಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ಮೊದಲು ಶನಿವಾರದ ವಿಷಯ ತಿಳಿದುಕೊಳ್ಳಿ. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ತೆರೆಯುವುದಿಲ್ಲ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಕೆಲವು ಬೇಕರಿ, ಹೋಟೆಲು ಬಿಟ್ಟರೆ ಉಳಿದದ್ದೆಲ್ಲ ಬಾಗಿಲು. ಹಾಲು, ಅಕ್ಕಿ, ತರಕಾರಿ ಶನಿವಾರವೇ ಮನೆ ಸೇರಿರಬೇಕು. ಅಂಗಡಿಗೆ ಹೋಗುವಾಗ ಖಾಲಿ ಬಾಟಲಿಗಳನ್ನೂ ಒಯ್ಯಿರಿ. ಗೋಡೆಯಲ್ಲಿ ಒಂದು ದುಂಡು ಕಿಂಡಿ ಇರುತ್ತದೆ. ಬಾಟಲಿ ಮಲಗಿಸಿ ಇಟ್ಟರೆ ಮಿಷನ್ ಅದನ್ನು ತಿರುಗಿಸಿ, ಬಾರ್‌ಕೋಡ್ ಓದಿ ಒಳಗೆ ಎಳೆದುಕೊಳ್ಳುತ್ತದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೆ, ಕ್ಯಾನ್‌ಗೆ ಕೊಳ್ಳುವಾಗ ಠೇವಣಿಯಾಗಿ ಕೊಟ್ಟ 25 ಸೆಂಟ್ ವಾಪಸ್ ಬರುತ್ತದೆ. ಕೊನೆಗೆ ಬರುವ ಚೀಟಿಯನ್ನು ಬಿಲ್ ಕೌಂಟರ್‌ನಲ್ಲಿ ಕೊಟ್ಟರೆ ಸಾಮಾನಿನ ಲೆಕ್ಕದಲ್ಲಿ ಕಳೆಯುತ್ತಾರೆ. ಬಾಟಲಿ ಜಜ್ಜಬೇಡಿ, ಲೇಬಲ್ ಕೀಳಬೇಡಿ. ಬಾರ್‌ಕೋಡ್ ಕಾಣದಿದ್ದರೆ ಮಿಷನ್ ತೆಗೆದುಕೊಳ್ಳುವುದಿಲ್ಲ.

ಈ ಕೆಲಸ ಮುಗಿದರೆ ಭಾನುವಾರ ಪೂರ್ತಿ ನಿಮ್ಮದು. ಶುರುವಿನಲ್ಲಿ ಆ ಖಾಲಿ ದಿನವೇ ಕಷ್ಟ. ಬೀದಿಯೆಲ್ಲ ನಿಶ್ಶಬ್ದ. ನವೆಂಬರ್ ಕೊನೆಗೆ ಸಂಜೆ ನಾಲ್ಕು ದಾಟುತ್ತಿದ್ದ ಹಾಗೆ ಕತ್ತಲು. ಮನೆಯವರ ನೆನಪು ಜಾಸ್ತಿ ಕಾಡುವುದೂ ಅವತ್ತೇ. ದಯವಿಟ್ಟು ರೂಮಿನಲ್ಲಿ ಕೂರಬೇಡಿ, ರೈಲು ಹತ್ತಿ.

ಡ್ರೆಸ್ಡೆನ್‌ಗೆ ಬರುತ್ತಿದ್ದೀರಿ, ನೀವು ಅದೃಷ್ಟವಂತರು. ಮುಖ್ಯ ನಿಲ್ದಾಣದಿಂದ ಎಸ್1 ರೈಲು ಹಿಡಿದು ಎಡಗಡೆ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಪಿರ್ನಾ ದಾಟಿದ ಮೇಲೆ ಎಲ್ಬೆ ನದಿ ಪಕ್ಕದಲ್ಲೇ ಬರುತ್ತದೆ. ಕೂರೋರ್ಟ್ ರಾಥೆನ್‌ನಲ್ಲಿ ಇಳಿದರೆ ಊರು ನದಿಯ ಆಚೆ ದಡದಲ್ಲಿದೆ. ಅಲ್ಲಿಗೆ ದಾಟಿಸುವ ದೋಣಿಯನ್ನು ನೂಕುವುದು ಎಂಜಿನ್ ಅಲ್ಲ, ನೀರಿನ ಸೆಳೆತ. ನದಿಯ ಮೇಲ್ಗಡೆ ಲಂಗರು ಹಾಕಿದ ಉದ್ದನೆಯ ಹಗ್ಗಕ್ಕೆ ದೋಣಿ ಕಟ್ಟಿರುತ್ತಾರೆ. ಅದನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ನೀರೇ ಆಚೆ ದಡಕ್ಕೆ ತಳ್ಳುತ್ತದೆ. ನನಗಂತೂ ಅದನ್ನು ನೋಡುವುದಕ್ಕೇ ಮತ್ತೆ ಮತ್ತೆ ಹೋಗಬೇಕು ಅನ್ನಿಸುತ್ತದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಬಾಸ್ಟೈ ಎಂಬ ಎತ್ತರದ ಬಂಡೆಸಾಲು. ಬಂಡೆಗಳ ನಡುವೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ, ನದಿ 194 ಮೀಟರ್ ಕೆಳಗೆ. ಬೆಳಗ್ಗೆ ಬೇಗ ಹೋಗಿ, ಹೊತ್ತೇರಿದರೆ ಜನವೋ ಜನ. ಬುತ್ತಿ ಕಟ್ಟಿಕೊಂಡು ಹೋಗಿ. ಚಿತ್ರಾನ್ನ ತಣ್ಣಗಾದರೂ ಅಲ್ಲಿ ಕುಳಿತು ತಿಂದರೆ ಬೇರೆಯೇ ರುಚಿ.

ಇಷ್ಟಕ್ಕೂ ಟಿಕೆಟ್ ಖರ್ಚು ಬಹುತೇಕ ಇಲ್ಲ. ಬಹಳ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದ ಜೊತೆಗೇ ಡಾಯ್ಚ್‌ಲಾಂಡ್ ಟಿಕೆಟ್ ಬರುತ್ತದೆ. ದೇಶದ ಸಿಟಿ ಬಸ್, ಟ್ರ್ಯಾಮ್, ರೀಜನಲ್ ರೈಲು ಎಲ್ಲದಕ್ಕೂ ಅದು ಸಾಕು. ವಿದ್ಯಾರ್ಥಿಗಳಲ್ಲದವರಿಗೆ 2023ರ ಮೇನಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೊ ಇತ್ತು, 2026ರಿಂದ 63 ಆಗಿದೆ. ವಿದ್ಯಾರ್ಥಿಗಳಿಗೆ ಅದಕ್ಕಿಂತ ಬಹಳ ಕಡಿಮೆಗೆ ಬೀಳುತ್ತದೆ.

ಮ್ಯೂನಿಕ್‌ನಿಂದ:

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಆ ಟಿಕೆಟ್ ಐಸಿಇ, ಐಸಿ ಎಂಬ ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ರೀಜನಲ್ ರೈಲು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ. ಇನ್ನೊಂದು, ರೈಲು ದಾರಿಯಲ್ಲಿ ಭಾಗವಾಗುತ್ತದೆ! ಇಲ್ಲಿಂದ ಟೇಗರ್ನ್‌ಜೇ ಸರೋವರಕ್ಕೆ ಹೋಗುವ ರೈಲು ಹೋಲ್ಟ್ಸ್‌ಕಿರ್ಖೆನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ಬೇರೆಯಾಗಿ ಮೂರು ಕಡೆ ಹೋಗುತ್ತದೆ. ಹತ್ತುವ ಮುಂಚೆ ಬೋಗಿಯ ಮೇಲಿನ ಊರಿನ ಹೆಸರು ಓದಿ.

ಆಸ್ಟ್ರಿಯಾದ ಜಾಲ್ಟ್ಸ್‌ಬರ್ಗ್ ನಿಲ್ದಾಣದವರೆಗೂ ಇದೇ ಟಿಕೆಟ್ ನಡೆಯುತ್ತದೆ. ಮ್ಯೂನಿಕ್‌ನಿಂದ ಎರಡು ಗಂಟೆಯೊಳಗೆ ತಲುಪಬಹುದು. ಆದರೆ ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ಹತ್ತಿ ದಾಖಲೆ ಕೇಳುತ್ತಾರೆ. ಫೋನಿನಲ್ಲಿರುವ ಫೋಟೋ ಸಾಲದು. ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಎರಡೂ ಜೇಬಿನಲ್ಲಿರಲಿ. ಕಾರ್ಡ್ ಬರುವ ತನಕ ವೀಸಾ ಅವಧಿಯ ಮೇಲೆ ಕಣ್ಣಿಡಿ. ಕಾರ್ಡ್ ಕೈಗೆ ಬರಲು ತಿಂಗಳುಗಟ್ಟಲೆ ಆಗಬಹುದು, ಬೇಗ ಅರ್ಜಿ ಹಾಕಿ. ಷೆಂಗನ್‌ನ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಬೇರೆ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ವಾರಾಂತ್ಯದ ಸುತ್ತಾಟಕ್ಕೆ ಅದು ಧಾರಾಳ. ಲಂಡನ್ ಮಾತ್ರ ಈ ಲೆಕ್ಕದಲ್ಲಿ ಬರುವುದಿಲ್ಲ, ಬೇರೆ ವೀಸಾ ಬೇಕು.

ಆಖೆನ್‌ನಿಂದ:

ಎಲ್ಲರೂ ಸುತ್ತಾಟ ಹೇಳಿದರು, ನಾನು ಸೋಮವಾರದಿಂದ ಶುಕ್ರವಾರದ ಮಾತು ಹೇಳುತ್ತೇನೆ. ಹೆಚ್ಚಿನ ಲೆಕ್ಚರ್‌ಗಳಲ್ಲಿ ಹಾಜರಿ ಕೇಳುವವರಿಲ್ಲ. ಸುಮ್ನೆ ಬಿಟ್ಟುಬಿಡುತ್ತಾರೆ. ಇದೇ ಅಪಾಯ. ಬಹಳ ವಿಷಯಗಳಲ್ಲಿ ಪೂರ್ತಿ ಅಂಕ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆಗೆ. ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಆ ಕೊನೆಯ ದಿನ ತಪ್ಪಿದರೆ ಎಷ್ಟು ಓದಿದ್ದರೂ ಕೂರಿಸುವುದಿಲ್ಲ. ಜನವರಿ ಮಧ್ಯದಿಂದ ಪರೀಕ್ಷೆ ಮುಗಿಯುವವರೆಗೆ ಟ್ರಿಪ್ ಇಟ್ಟುಕೊಳ್ಳಬೇಡಿ. ಡಿಸೆಂಬರ್‌ನಲ್ಲೇ ನೋಡುವುದನ್ನು ನೋಡಿ. ನಿಮ್ಮ ಊರಿನ ಶ್ಟ್ರೀಟ್ಸೆಲ್‌ಮಾರ್ಕ್ಟ್ ಕ್ರಿಸ್‌ಮಸ್ ಸಂತೆಯೇ 1434ರಿಂದ ನಡೆದು ಬಂದಿದೆ, ಟ್ರ್ಯಾಮ್‌ನಲ್ಲಿ ಹೋಗಿ ಬರಬಹುದು.

ದುಡ್ಡಿನ ಬಗ್ಗೆ ನೇರವಾಗಿ ಹೇಳುತ್ತೇನೆ. 992ರಲ್ಲಿ ಬಾಡಿಗೆ, ಆರೋಗ್ಯ ವಿಮೆ, ಊಟ ಕಳೆದರೆ ಉಳಿಯುವುದು ಕಡಿಮೆ. ವಿಳಾಸ ನೋಂದಣಿ ಆದ ಮೇಲೆ ರೇಡಿಯೊ, ಟಿವಿ ಶುಲ್ಕದ ಪತ್ರ ಬರುತ್ತದೆ. ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ಮನೆ ಹಂಚಿಕೊಂಡವರು ಇದನ್ನೂ ಹಂಚಿಕೊಳ್ಳಬಹುದು. ಮಧ್ಯಾಹ್ನದ ಊಟ ಕ್ಯಾಂಪಸ್ಸಿನ ಮೆನ್ಸಾ ಎಂಬ ಕ್ಯಾಂಟೀನಿನಲ್ಲಿ ಮಾಡಿ, ವಿದ್ಯಾರ್ಥಿಗಳಿಗೆ ಕಡಿಮೆ ದರ. ಸಸ್ಯಾಹಾರ ಯಾವುದು ಎಂದು ಬರೆದಿರುತ್ತಾರೆ. ನಮ್ಮಂಥ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಆದರೂ ಮೊದಲ ಸೆಮಿಸ್ಟರ್‌ನಲ್ಲಿ ಕೈಲಾದರೆ ಕೆಲಸ ಬೇಡ. ಆ ಸಂಜೆಗಳನ್ನು ಜರ್ಮನ್ ಕಲಿಯಲು ಕೊಡಿ. ಭಾಷೆ ಬಂದರೆ ಮುಂದೆ ಸಿಗುವ ಕೆಲಸವೂ ಬೇರೆ, ರೈಲಿನಲ್ಲಿ ಪಕ್ಕ ಕುಳಿತವರ ಜೊತೆ ಆಡುವ ಮಾತೂ ಬೇರೆ.

ಲೈಪ್ಸಿಗ್‌ನಿಂದ:

ಒಂದೇ ಮಾತು. ಯಾವಾಗಲೂ ನಮ್ಮವರ ಜೊತೆಗೇ ಹೋಗಬೇಡಿ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದವರು ಕಡಿಮೆ ದುಡ್ಡಿಗೆ ಬಂಡೆ ಹತ್ತುವುದು, ದೋಣಿ ನಡೆಸುವುದು ಎಲ್ಲ ಕಲಿಸುತ್ತಾರೆ. ಆ ಗುಂಪಿನವರ ಜೊತೆಗೇ ವಾರಾಂತ್ಯದ ಚಾರಣ ಶುರುವಾಗುತ್ತದೆ. ಜನಪ್ರಿಯ ಕೋರ್ಸ್‌ಗಳ ಸೀಟು ನೋಂದಣಿ ತೆರೆದ ಕೂಡಲೇ ತುಂಬಿಹೋಗುತ್ತವೆ. ದಿನ, ಗಂಟೆ ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಈಗಲೇ ನೋಡಿ ಬರೆದಿಟ್ಟುಕೊಳ್ಳಿ.