ಅಪ್‌ಡೇಟ್: ಪಿಕ್ ಲೈನ್‌ನೊಂದಿಗೆ ಮನೆಯಲ್ಲಿ ಆರು ವಾರ

ಬೆನ್ನುಮೂಳೆಯ ಸೋಂಕಿಗೆ ಆರು ವಾರ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಬೇಕೆಂದಾಗ, ತೋಳಿನಲ್ಲಿ ಪಿಕ್ ಲೈನ್ (ರಕ್ತನಾಳದೊಳಗೆ ಔಷಧ ಕೊಡಲು ಇಡುವ ತೆಳು ನಳಿಕೆ) ಇಟ್ಟುಕೊಂಡು ಮನೆಯಲ್ಲಿ ನಾನೇ ಔಷಧ ಹಾಕಿಕೊಳ್ಳಬಹುದೇ ಎಂದು ಕೇಳಿದ್ದೆ. ನಿನ್ನೆ ಕೊನೆಯ ಡೋಸ್ ಮುಗಿದು, ಲೈನ್ ತೆಗೆದರು.

ಆ ತೆಳುವಾದ ನಳಿಕೆಯ ತುದಿ ಹೃದಯದ ಸಮೀಪದ ದೊಡ್ಡ ರಕ್ತನಾಳದಲ್ಲಿರುತ್ತದೆ ಎಂಬುದು ತಿಳಿದ ಮೇಲೆ, ಪ್ರತಿ ಸಲ ಸೋಪಿನಿಂದ ಕೈ ತೊಳೆದು, ನಳಿಕೆಯ ಹೊರತುದಿಯ ಕ್ಯಾಪನ್ನು ಆಲ್ಕೋಹಾಲ್ ಸ್ವಾಬಿನಿಂದ ಹದಿನೈದು ಸೆಕೆಂಡು ಉಜ್ಜಿ, ಒಣಗುವವರೆಗೆ ಕಾಯುವುದು ನನಗೆ ಬೇಸರದ ಕೆಲಸವೆನಿಸಲೇ ಇಲ್ಲ. ಔಷಧಕ್ಕೆ ಮೊದಲು ಮತ್ತು ನಂತರ ಸಲೈನನ್ನು ತಡೆತಡೆದು ತಳ್ಳಬೇಕು. ಸಣ್ಣ ಸಿರಿಂಜು ಹೆಚ್ಚು ಒತ್ತಡ ಉಂಟುಮಾಡುವುದರಿಂದ 10 ಮಿ.ಲೀ. ಸಿರಿಂಜನ್ನೇ ಬಳಸಬೇಕೆಂದು ನರ್ಸ್ ಹೇಳಿಕೊಟ್ಟಿದ್ದರು.

ಮೂರನೆಯ ವಾರದ ಒಂದು ಸಂಜೆ ಸಲೈನ್ ಒಳಗೆ ಹೋಗಲಿಲ್ಲ. ನಳಿಕೆಯನ್ನು ಮುಚ್ಚುವ ಕ್ಲ್ಯಾಂಪ್ ತೆರೆದೇ ಇತ್ತು. ಬಲವಂತವಾಗಿ ತಳ್ಳದೆ ನರ್ಸ್‌ಗೆ ಫೋನ್ ಮಾಡಿದೆ. ಹಿಂದಿನ ದಿನ ಬದಲಾಯಿಸಿದ ಡ್ರೆಸಿಂಗ್‌ನ ಅಡಿಯಲ್ಲಿ ನಳಿಕೆ ಮಡಚಿಕೊಂಡಿತ್ತು. ಆಗ ಒತ್ತಿದ್ದರೆ ನಳಿಕೆಯೇ ಹರಿಯಬಹುದಿತ್ತು.

ಸ್ನಾನ ಮಾತ್ರ ಕೊನೆಯವರೆಗೂ ಕಷ್ಟವಾಯಿತು. ಪ್ಲಾಸ್ಟಿಕ್ ಸುತ್ತಿದರೂ ತೇವದ ಭಯವಿದ್ದುದರಿಂದ, ಹೆಂಡತಿ ಚೊಂಬಿನಿಂದ ನೀರು ಹಾಕುತ್ತಿದ್ದಳು.

ಇದೇ ದಾರಿಯಲ್ಲಿರುವವರಲ್ಲಿ ನನ್ನ ವಿನಂತಿ: ಚಳಿಜ್ವರ ಬಂದರೆ ಅಥವಾ ತೋಳು ಊದಿಕೊಂಡರೆ ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ನನ್ನ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ದೇಹದ ಉರಿಯೂತವನ್ನು ತೋರಿಸುವ ಅಂಶ) ಇಳಿದಿದೆ. ಮುಂದಿನ ತಿಂಗಳು ಮತ್ತೆ ಎಂಆರ್‌ಐ ಇದೆ.