ಹೆಸರಿಲ್ಲದ ಬಟನ್ನು

ನಿನ್ನೆ ದರ್ಶಿನೀಲಿ ಬೈಟು ಕಾಫಿ ಹಿಡ್ಕೊಂಡು ನಿಂತಿದ್ವಿ, ನಾನು, ಗಡ್ಡ, ಮೇಷ್ಟ್ರು. ನಾನು ಫೋನಲ್ಲಿ ಪಾಡ್‌ಕಾಸ್ಟ್ ಹುಡುಕ್ತಿದ್ದೆ.

"ಲೇ, ನಿನ್ ಫೋನು ಸತ್ತೋಗಿದೆ, ಸ್ಕ್ರೀನ್ ಪೂರ್ತಿ ಕಪ್ಪು" ಅಂದ ಗಡ್ಡ.

"ಸತ್ತಿಲ್ಲ ಮಾರಾಯ, ನಾನೇ ಕಪ್ಪು ಮಾಡಿಟ್ಟಿರೋದು. ಆ ಬೆಳಕು ತಗೊಂಡು ನಾನೇನ್ ಮಾಡ್ಲಿ, ನೀನು ಇಣುಕಿ ಓದೋಕಾ?"

"ಮತ್ತೆ ಅದೇನು ಪಟಪಟ ಅಂತಿರೋದು?"

"ಟಾಕ್‌ಬ್ಯಾಕು, ಸ್ಕ್ರೀನ್ ಮೇಲಿರೋದನ್ನ ಓದಿ ಹೇಳತ್ತೆ. ಮನೇಲಿ ಕಂಪ್ಯೂಟರಲ್ಲಿ ಅದೇ ಕೆಲ್ಸಕ್ಕೆ ಎನ್‌ವಿಡಿಎ ಇದೆ, ಆಸ್ಟ್ರೇಲಿಯಾದ ಮೈಕೆಲ್ ಕರನ್ ಅಂತ, ನನ್ ಥರಾನೇ ಕಣ್ಣು ಕಾಣದೋನು, 2006ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಅದನ್ನ ಇನ್ನೂ ಸ್ಪೀಡಾಗಿ ಓಡಿಸ್ತೀನಿ."

ಮೇಷ್ಟ್ರು, "ಸಂತೇಲಿ ಹರಾಜು ಕೂಗೋನೇ ವಾಸಿ ಕಣಯ್ಯಾ. ಇರ್ಲಿ, ಪಾಡ್‌ಕಾಸ್ಟ್ ಅಂದ್ರೆ ಬರೀ ಕೇಳೋದು, ನಿಂಗೆ ಸಲೀಸು" ಅಂದ್ರು.

"ಕೇಳೋದು ಸಲೀಸು ಮೇಷ್ಟ್ರೇ, ಕೇಳೋ ತನಕ ಹೋಗೋದೇ ಯಾತ್ರೆ. ಮೊದ್ಲೊಂದು ಆಪ್ ಇತ್ತು, ಬೆರಳಿಟ್ಟಲ್ಲೆಲ್ಲಾ 'ಅನ್‌ಲೇಬಲ್ಡ್ ಬಟನ್', 'ಅನ್‌ಲೇಬಲ್ಡ್ ಬಟನ್', ಅಂದ್ರೆ ಹೆಸರಿಲ್ಲದ ಬಟನ್ನು. ಮದ್ವೆ ಮನೇಲಿ ಒಬ್ಬೊಬ್ರೂ ಬಂದು ಕೈ ಹಿಡ್ಕೊಂಡು 'ನಾನ್ಯಾರು ಹೇಳು ನೋಡೋಣ' ಅಂತಾರಲ್ಲ, ಥೇಟ್ ಹಂಗೆ. ಯಾವುದೋ ಒಂದನ್ನ ಎರಡ್ಸಲ ತಟ್ಟಿದೆ, ಹಳೇ ಎಪಿಸೋಡೆಲ್ಲಾ ಡೌನ್‌ಲೋಡ್ ಆಗೋಕೆ ಶುರುವಾಗಿ ಅವತ್ತಿನ ಡೇಟಾ ತಿಂಡಿ ಟೈಮಿಗೇ ಖಾಲಿ."

"ಹೆಸರು ಬರಿಯೋಕೆ ಅವ್ರಿಗೇನು ಕಷ್ಟವಂತೆ?"

"ಒಂದು ಸಾಲು, ಅಷ್ಟೇ. ಆ ಚಿತ್ರದ ಹಿಂದೆ ಪ್ಲೇ ಅಂತ ಟೈಪ್ ಮಾಡಿದ್ರಾಯ್ತು."

"ಕನ್ನಡದಲ್ಲಾದ್ರೆ ಒಂದೇ ಅಕ್ಷರ!" ಮೇಷ್ಟ್ರಿಗೆ ಎಲ್ಲೋದ್ರೂ ಕಾಗುಣಿತ.

"ನೀನೇ ನಾಮಕರಣ ಮಾಡೋಕಾಗಲ್ವಾ?" ಅಂದ ಗಡ್ಡ.

"ಆಗತ್ತೆ, ಟಾಕ್‌ಬ್ಯಾಕಲ್ಲೇ ಲೇಬಲ್ ಹಾಕ್ಬೋದು. ಆದ್ರೆ ಯಾವ್ದು ಏನು ಅಂತ ಒತ್ತೇ ನೋಡ್ಬೇಕಲ್ಲ. ಡಿಲೀಟ್ ಬಟನ್ ಡಿಲೀಟ್ ಅಂತ ಗೊತ್ತಾಗಿದ್ದು ಎಲ್ಲಾ ಡಿಲೀಟ್ ಆದ್ಮೇಲೆ. ಅವತ್ತೇ ಅದನ್ನ ಕಿತ್ತಾಕಿ ಆಂಟೆನಾಪಾಡ್ ಹಾಕ್ಕೊಂಡೆ. ಫ್ರೀ, ಅಕೌಂಟ್ ಕೇಳಲ್ಲ, ಬಟನ್ನುಗಳು ಮರ್ಯಾದೆಯಾಗಿ ಹೆಸರು ಹೇಳ್ಕೋತವೆ."

ಗಡ್ಡನಿಗೆ ಹುಕಿ ಬಂತು, ತನ್ನ ಫೋನಲ್ಲೂ ಟಾಕ್‌ಬ್ಯಾಕ್ ಆನ್ ಮಾಡ್ಕೊಂಡ. ತಟ್ಟಿದ್ರೆ ಓಪನ್ ಆಗ್ತಿಲ್ಲ, ಒಂದು ಬೆರಳಲ್ಲಿ ಎಳೆದ್ರೆ ಜರುಗ್ತಿಲ್ಲ, ಅದು ಮಾತ್ರ ಒಂದೇ ಸಮ ಒದರ್ತಿದೆ, ಅಕ್ಕಪಕ್ಕದೋರೆಲ್ಲಾ ನಗು.

"ಎರಡ್ಸಲ ತಟ್ಟೋ, ಜರುಗ್ಸೋಕೆ ಎರಡು ಬೆರಳು!"

"ಆಫ್ ಮಾಡ್ಕೊಡೋ ಪುಣ್ಯಾತ್ಮಾ, ಇನ್ನೊಂದ್ ರೌಂಡ್ ಕಾಫಿ ಹೇಳಿದೀನಿ, ಸ್ಕ್ಯಾನ್ ಮಾಡಿ ದುಡ್ಡು ಕೊಡ್ಬೇಕು!"

ಆಫ್ ಮಾಡೋ ಹೊತ್ತಿಗೆ ಕ್ಯಾಶಿಯರ್ ಎರಡ್ಸಲ ಕೂಗಿಯಾಗಿತ್ತು. ಕಪ್ಪು ಸ್ಕ್ರೀನಲ್ಲೇ ನಾನೇ ಕೊಟ್ಟೆ. ಗಡ್ಡ ಬೇಕಂತಲೇ ಮಾಡಿದ್ನೋ ಏನೋ, ಮೇಷ್ಟ್ರನ್ನ ಕೇಳಿದ್ರೆ ಬರೀ ನಗ್ತಾರೆ.