ಚರಂಡಿ ಜಾಲರಿಯ ಬಾಯಿ ಬಿಡಿಸೋಣ: ಭಾನುವಾರ ಬೆಳಿಗ್ಗೆ ಎಂಟಕ್ಕೆ

ಮೂಲೆ ಮನೆ, ಶನಿವಾರ, ಅಕ್ಟೋಬರ್ 12, 2024, ಬೆಳಿಗ್ಗೆ 7.20

ನಮ್ಮ ಬೀದಿಯ ಗುಂಪಿನ ಎಲ್ಲರಿಗೂ ವಿಜಯದಶಮಿಯ ಶುಭಾಶಯ. ಕರೆಂಟ್ ಬಾರದವರು ನಮ್ಮ ಜನರೇಟರ್‌ನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಳ್ಳಿ. ಫ್ಲಾಸ್ಕಿನಲ್ಲಿ ಕಾಫಿ ಇದೆ.

ನಮ್ಮ ಗ್ಯಾರೇಜಿನ ಸಿಮೆಂಟ್ ಗೋಡೆಯ ಮೇಲೆ ಈಗ ಎರಡು ಗೆರೆಗಳಿವೆ. ಮೇಲಿನದು ಮೊಣಕಾಲಿನ ಎತ್ತರಕ್ಕಿದೆ, ಬಿಳಿ. ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುತ್ತದೆ. ಅದು ಸೆಪ್ಟೆಂಬರ್ 26ರ ಹೆಲೀನ್ ಚಂಡಮಾರುತ. ಕೆಳಗಿನದು ಒಂದು ಗೇಣಿನಷ್ಟು, ಕಂದು ಬಣ್ಣ, ಓಕ್ ಎಲೆಯ ಚೂರುಗಳು ಅಂಟಿಕೊಂಡಿವೆ. ಅದು ಮೊನ್ನೆ ಬುಧವಾರದ ಮಿಲ್ಟನ್ ಚಂಡಮಾರುತ. ಎರಡರ ನಡುವೆ ಹದಿಮೂರೇ ದಿನ.

ಎರಡೂ ಒಂದೇ ನೀರಲ್ಲ. ಹೆಲೀನ್ ನಮ್ಮ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಗೆ ಬರಲೇ ಇಲ್ಲ. ನೂರು ಮೈಲಿಗೂ ದೂರದಲ್ಲಿ ಹಾದು, ಉತ್ತರದ ಪೆರಿ ಊರಿನ ಬಳಿ ದಡ ಸೇರಿತು. ಆದರೂ ಸಮುದ್ರವನ್ನು ಆರು ಅಡಿ ಎತ್ತಿ ನಮ್ಮ ಬಾಗಿಲಿಗೆ ತಂದು ಸುರಿಯಿತು. 1985ರ ಎಲೆನಾ ಚಂಡಮಾರುತದ ಕಾಲದ ನೀರಿನ ಎತ್ತರದ ದಾಖಲೆಯೂ ಮುರಿಯಿತು. ಮಿಲ್ಟನ್ ವೇಳೆ ಎಲ್ಲರೂ ಮತ್ತೆ ಸಮುದ್ರಕ್ಕೇ ಹೆದರಿದೆವು. ಅದು ನಮಗಿಂತ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಬಳಿ ದಡ ಸೇರಿದ್ದರಿಂದ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ದಬ್ಬಿತು. ಸಮುದ್ರ ಹಿಂದೆ ಸರಿಯಿತು, ಆಕಾಶ ಬಿತ್ತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದು ದಿನದೊಳಗೆ ಹದಿನೆಂಟು ಇಂಚು ಮಳೆ.

ನಿನ್ನೆ ಸಂಜೆ ನನ್ನ ಮನೆ ಎದುರಿನ ಚರಂಡಿ ಜಾಲರಿಯನ್ನು ನೋಡಿದೆ. ಗುಲಾಬಿ ಬಣ್ಣದ ಗಾಜಿನ ಉಣ್ಣೆ, ನೆನೆದು ಮುದ್ದೆಯಾದ ಗೋಡೆಹಲಗೆ, ಯಾರದೋ ಮಗುವಿನ ಒಂದು ಚಪ್ಪಲಿ. ಅಷ್ಟೂ ನಾವೇ ಹೆಲೀನ್ ಆದ ಮೇಲೆ ಮನೆಯಿಂದ ಕಿತ್ತು ರಸ್ತೆಯ ಅಂಚಿಗೆ ಹಾಕಿದ್ದು. ಬೀದಿಯುದ್ದಕ್ಕೂ ರಾಶಿಗಳು ಕೂತಿರುವುದು ಸರಿಯಾಗಿ ಚರಂಡಿಯ ಬಾಯಿಯ ಮೇಲೆ.

ಮುಂದಿನ ಗುರುವಾರ ಸೀಗೆ ಹುಣ್ಣಿಮೆ. ಈ ವರ್ಷದ ಅತಿ ದೊಡ್ಡ ಚಂದ್ರ ಅದೇ. ಅಕ್ಟೋಬರಿನ ದೊಡ್ಡ ಭರತ, ಅಂದರೆ ಸಮುದ್ರದ ಉಬ್ಬರ, ಏರುವುದೂ ಆಗಲೇ. ಅಷ್ಟರೊಳಗೆ ಜಾಲರಿಗಳನ್ನು ಬಿಡಿಸಲೇಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ಯಾರು ಯಾರು ಬರುತ್ತೀರಿ?

ಕಾಲುವೆ ದಂಡೆ ಮನೆ, 7.41

ನಾವಿಬ್ಬರೂ ಬರುತ್ತೇವೆ. ಎರಡು ಹಾರೆ, ಒಂದು ಸಲಿಕೆ, ಒಂದು ಪಂಪ್ ಇವೆ. ನಿನ್ನೆ ಆಯುಧಪೂಜೆಗೆ ಇವುಗಳಿಗೇ ಕುಂಕುಮ ಇಟ್ಟೆವು. ಕಾರು ಹೆಲೀನ್‌ನಲ್ಲಿ ಹೋಯಿತಲ್ಲ.

ಎತ್ತರದ ಮನೆ, 8.05

ನಾನು ಬರುತ್ತೇನೆ, ಆದರೆ ಒಂದು ಮಾತು. ಕೆಲಸದಲ್ಲಿ ನೀರಿನ ಲೆಕ್ಕವನ್ನೇ ನೋಡುವವನು ನಾನು. ಬುಧವಾರ ರಾತ್ರಿ ಒಂದೇ ಗಂಟೆಯಲ್ಲಿ ಐದು ಇಂಚು ಸುರಿದಿದೆ. ಬೀದಿಯ ಚರಂಡಿಗಳನ್ನು ಸಾಮಾನ್ಯವಾಗಿ ಅಂಥ ಮಳೆಯನ್ನು ಹೊತ್ತೊಯ್ಯುವಂತೆ ಕಟ್ಟಿರುವುದಿಲ್ಲ. ಜಾಲರಿ ಸ್ವಚ್ಛವಾಗಿದ್ದರೂ ಬೀದಿ ತುಂಬುತ್ತಿತ್ತು. ನಮ್ಮ ಕಸದಿಂದಲೇ ಮುಳುಗಿದೆವು ಎಂದು ಯಾರೂ ತಮ್ಮನ್ನೇ ಹಳಿದುಕೊಳ್ಳುವುದು ಬೇಡ.

ಮೂಲೆ ಮನೆ, 8.12

ಒಪ್ಪುತ್ತೇನೆ. ಆದರೆ ಮಳೆ ನಿಂತ ಮೇಲಿನ ಮಾತು ಹೇಳಿ. ಕೊಲ್ಲಿ ತಗ್ಗಿತ್ತು, ಕೊಳವೆಯ ಹೊರಬಾಯಿ ಬಯಲಾಗಿತ್ತು. ನೀರು ಸರಸರನೆ ಇಳಿಯಬೇಕಿತ್ತು. ನಮ್ಮ ಬೀದಿಯಲ್ಲಿ ಗುರುವಾರ ಮಧ್ಯಾಹ್ನದವರೆಗೂ ನಿಂತಿತ್ತು. ಏಕೆ?

ಎತ್ತರದ ಮನೆ, 8.20

ಆ ಪ್ರಶ್ನೆ ಸರಿಯಾಗಿದೆ. ತುಂಬಿದ್ದು ಮಳೆಯಿಂದ, ನಿಂತದ್ದು ಕಟ್ಟಿಕೊಂಡದ್ದರಿಂದ. ಮೊದಲ ಎರಡು ಗಂಟೆ ನಮ್ಮ ಕೈಯಲ್ಲಿರಲಿಲ್ಲ, ನಂತರದ ಹನ್ನೆರಡು ಗಂಟೆ ಇತ್ತು. ಹಲಗೆ, ನೆಲಹಾಸು, ಕಪಾಟು ಹಾಳಾಗುವುದು ಆ ಹನ್ನೆರಡು ಗಂಟೆಗಳಲ್ಲೇ. ನಗರಾಡಳಿತಕ್ಕೆ ಕೊಡುವ ಮನವಿಯಲ್ಲಿ ಇದನ್ನು ಇದೇ ಮಾತಿನಲ್ಲಿ ಬರೆಯೋಣ.

ಇನ್ನೊಂದು. ಹುಣ್ಣಿಮೆಯ ಭರತಕ್ಕೆ ಮಳೆಯೇ ಬೇಕಿಲ್ಲ. ಹೊರಬಾಯಿ ಸಮುದ್ರಮಟ್ಟದಲ್ಲಿದೆ. ನೀರು ಕೊಳವೆಯೊಳಗೆ ಹಿಂದಕ್ಕೆ ನುಗ್ಗಿ ಬೀದಿಯ ಜಾಲರಿಯಿಂದ ಮೇಲೆ ಬರುತ್ತದೆ. ಬಿಸಿಲಿರುವ ದಿನವೂ ಇಲ್ಲಿ ಬೀದಿ ಒದ್ದೆಯಾಗುವುದು ಹೀಗೆಯೇ. ಇದಕ್ಕೆ ಮದ್ದು ಹೊರಬಾಯಿಗೆ ಕೂರಿಸುವ ಕವಾಟ, ನೀರನ್ನು ಹೊರಗೆ ಮಾತ್ರ ಬಿಡುವಂಥದ್ದು. ಅದನ್ನೂ ಕೇಳೋಣ.

ಬಾಡಿಗೆ ಮನೆ, 9.02

ನಾಳೆ ನಾನು ಬರುತ್ತೇನೆ. ಗಂಡ ಮಾತ್ರ ಬರಲಾರರು, ಕಚೇರಿ ಸೋಮವಾರ ತೆರೆಯುವುದರೊಳಗೆ ಬೇರೆ ಮನೆ ಹುಡುಕಬೇಕು.

ಕೇಳಲು ಸಂಕೋಚವಾಗುತ್ತಿದೆ. ನಾವು ಎಚ್‌-1ಬಿ ಕೆಲಸದ ವೀಸಾ ಮೇಲೆ ಇರುವವರು. ಫೆಮಾ, ಅಂದರೆ ಸರ್ಕಾರದ ವಿಪತ್ತು ಸಂಸ್ಥೆಯ ನೆರವು ನಮಗಿಲ್ಲ ಎಂದು ಯಾರೋ ಹೇಳಿದರು, ಅರ್ಜಿಯನ್ನೇ ಹಾಕಲಿಲ್ಲ. ಹಾಸಿಗೆ, ತೊಟ್ಟಿಲು, ಬಟ್ಟೆ ಎಲ್ಲ ಹೋಗಿವೆ. ಊರಿನಿಂದ ಬಂದ ಅತ್ತೆ ಗೊಂಬೆಗಳ ಪೆಟ್ಟಿಗೆ ತಂದಿದ್ದರು, ನವರಾತ್ರಿಗೆ ಕೂರಿಸಲೆಂದು. ಗ್ಯಾರೇಜಿನ ಕೆಳಗಿನ ತಟ್ಟಿನಲ್ಲಿ ಇಟ್ಟಿದ್ದೆ. ರಾಜನ ಗೊಂಬೆಯ ಬಣ್ಣವೆಲ್ಲ ರಾಣಿಯ ಸೀರೆಗೆ ಇಳಿದಿದೆ. ಅತ್ತೆ ಏನೂ ಅನ್ನಲಿಲ್ಲ. ಎರಡನ್ನೂ ಒರೆಸಿ, ಕಿಟಕಿಯ ಬಳಿ ಬಿಸಿಲಿಗೆ ಇಟ್ಟಿದ್ದಾರೆ.

ಕಾಲುವೆ ದಂಡೆ ಮನೆ, 9.10

ತಾಯಿ, ನಿಮ್ಮ ಮಗು ಹುಟ್ಟಿದ್ದು ಇಲ್ಲೇ ಅಲ್ಲವೇ? ಹಾಗಿದ್ದರೆ ಮಗು ಈ ದೇಶದ ಪ್ರಜೆ. ಅದೇ ಮನೆಯಲ್ಲಿ ವಾಸಿಸುವ ಅಪ್ರಾಪ್ತ ಮಗುವಿನ ಪರವಾಗಿ ತಂದೆ ತಾಯಿ ಅರ್ಜಿ ಹಾಕಬಹುದು. ವೀಸಾ ಯಾವುದಾದರೂ ಸರಿ. ಮಗುವಿನ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಬೇಕು. ಬಾಡಿಗೆಗೆ ಇರುವವರೂ ಅರ್ಹರು. ಇವತ್ತೇ ಹಾಕಿ, ನಾನು ಬಂದು ಜೊತೆಗೆ ಕೂರುತ್ತೇನೆ. ಗ್ರೀನ್ ಕಾರ್ಡ್ ಇರುವವರಿಗೆ ನೇರವಾಗಿಯೇ ಅರ್ಹತೆ ಇದೆ.

ಮೂಲೆ ಮನೆ, 9.25

ಇದನ್ನು ಎಲ್ಲರೂ ಓದಿ, ಗೊತ್ತಿರುವ ಮನೆಗಳಿಗೂ ಹೇಳಿ. ಅರ್ಹತೆ ಇದ್ದೂ ಕೇಳದೇ ಉಳಿದ ಮನೆಗಳು ನಮ್ಮಲ್ಲಿ ಇನ್ನೂ ಇವೆ ಎಂಬುದು ನನಗೆ ಖಾತ್ರಿ. ಸಂಕೋಚ ಪಡಬೇಡಿ.

ಪ್ರವಾಹ ವಿಮೆ ಇರುವವರು: ಹೆಲೀನ್ ಬೇರೆ, ಮಿಲ್ಟನ್ ಬೇರೆ. ಎರಡು ಅರ್ಜಿ, ಕೈಯಿಂದ ಭರಿಸುವ ಪಾಲೂ ಎರಡು ಸಲ. ನಡುವಿನ ದಿನಗಳಲ್ಲಿ ಏನು ಕಿತ್ತಿರಿ, ಏನು ಹೊಸದಾಗಿ ಹಾಕಿಸಿದಿರಿ, ಅದರ ಫೋಟೊ ಮತ್ತು ರಸೀದಿ ಬೇರೆ ಬೇರೆ ಇಡಿ. ನನ್ನ ವಿಮೆಯವರು ಮೊದಲ ಹಾನಿಯನ್ನು ನೋಡಲು ಬರುವ ಮೊದಲೇ ಎರಡನೆಯದು ಬಂದುಬಿಟ್ಟಿತು. ಈಗ ಯಾವ ನೀರು ಯಾವ ಗೋಡೆಯನ್ನು ಕೆಡಿಸಿತು ಎಂದು ನಾನೇ ಸಾಬೀತು ಮಾಡಬೇಕು. ಆ ಎರಡು ಗೆರೆಗಳನ್ನು ಅದಕ್ಕೇ ಒರೆಸಿಲ್ಲ.

ಕೊನೆ ತಿರುವಿನ ಮನೆ, 11.48

ನಾನು ಬರುವುದಿಲ್ಲ. ಮನೆ ಮಾರುತ್ತಿದ್ದೇನೆ. ದುರಸ್ತಿಯ ಖರ್ಚು ಕಟ್ಟಡದ ಬೆಲೆಯ ಅರ್ಧ ದಾಟಿದರೆ ಇಡೀ ಮನೆಯನ್ನು ಎತ್ತರಿಸಬೇಕು ಎಂಬ ನಿಯಮ ಗೊತ್ತಲ್ಲ. ಜಾಗದ ಬೆಲೆ ಲೆಕ್ಕಕ್ಕೆ ಬರುವುದಿಲ್ಲ, ಬರೀ ಕಟ್ಟಡ. ಅರವತ್ತು ವರ್ಷದ ಹಳೆಯ ಕಟ್ಟಡಕ್ಕೆ ಏನು ಬೆಲೆ? ನನ್ನದು ಹೆಲೀನ್‌ನಲ್ಲೇ ಅರ್ಧ ದಾಟಿತು. ಎತ್ತರಿಸಲು ಬೇಕಾದಷ್ಟು ದುಡ್ಡಿಲ್ಲ, ವಯಸ್ಸೂ ಇಲ್ಲ. ಬೆಂಗಳೂರಿನಲ್ಲಿ ಕೆರೆಯಂಗಳದ ಸೈಟು ಬೇಡವೆಂದು ತಮ್ಮನಿಗೆ ಬುದ್ಧಿ ಹೇಳಿದವನು ನಾನು. ಇಲ್ಲಿ ಕಡಲಂಚಿನಲ್ಲಿ ಕೊಂಡೆ.

ಆದರೆ ನನ್ನ ಮನೆ ಎದುರು ಎರಡು ಜಾಲರಿಗಳಿವೆ. ಒಂದು ನನ್ನದೇ ರಾಶಿಯ ಕೆಳಗಿದೆ. ಗೇಟು ತೆರೆದಿರುತ್ತದೆ, ಒಳಗೆ ತಳ್ಳುಗಾಡಿ ಇದೆ, ತೆಗೆದುಕೊಳ್ಳಿ.

ಮೂಲೆ ಮನೆ, 11.55

ನೀವು ಹೋಗುವವರೆಗೂ ನಮ್ಮವರೇ. ಮಧ್ಯಾಹ್ನದ ಊಟ ನಾನು ತರುತ್ತೇನೆ, ಬಿಸಿಬೇಳೆಬಾತ್ ಮಾಡಿದ್ದೇನೆ.

ನಾಳೆಗೆ: ಮೊಣಕೈವರೆಗಿನ ಕೈಗವಸು, ಬೂಟು ಕಡ್ಡಾಯ. ಕೈಕಾಲಿನಲ್ಲಿ ಗಾಯ ಇರುವವರು ನೀರಿಗೆ ಇಳಿಯಲೇಬಾರದು. ಉಪ್ಪುನೀರಿನಲ್ಲಿ ಮಾಂಸವನ್ನೇ ತಿನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಚಂಡಮಾರುತದ ನಂತರ ಅದರ ಸೋಂಕು ಹೆಚ್ಚುತ್ತದೆ. ರಾಶಿಯಲ್ಲಿ ಸೈಕಲ್, ಸ್ಕೂಟರ್, ಆಟಿಕೆಗಳ ಲಿಥಿಯಂ ಬ್ಯಾಟರಿ ಕಂಡರೆ ಮುಟ್ಟಬೇಡಿ. ಉಪ್ಪುನೀರು ಕುಡಿದ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳುತ್ತದೆ. ಕಸವನ್ನು ಜಾಲರಿಯಿಂದ ನಾಲ್ಕು ಅಡಿ ಆಚೆಗೆ ಸರಿಸಿದರೆ ಸಾಕು. ಸಾಗಿಸುವುದು ಲಾರಿಯ ಕೆಲಸ.

ಮೂಲೆ ಮನೆ, ಭಾನುವಾರ, ಅಕ್ಟೋಬರ್ 13, ಸಂಜೆ 6.30

ಹದಿನಾಲ್ಕು ಜನ ಬಂದೆವು. ಕನ್ನಡದ ಮನೆಗಳಷ್ಟೇ ಅಲ್ಲ, ಎದುರು ಬೀದಿಯ ಕ್ಯೂಬಾದ ಅಜ್ಜ ತಮ್ಮ ಮೊಮ್ಮಕ್ಕಳನ್ನು ಕರೆತಂದರು. ಹನ್ನೊಂದು ಜಾಲರಿಗಳಲ್ಲಿ ಒಂಬತ್ತು ಬಿಟ್ಟುಕೊಂಡಿವೆ. ಒಂದು ಕೊನೆ ತಿರುವಿನ ರಾಶಿಯ ಅಡಿಯಲ್ಲಿದೆ, ಮೇಲೆ ಒದ್ದೆ ಸೋಫಾ ಮತ್ತು ಫ್ರಿಜ್, ಕ್ರೇನ್ ಲಾರಿ ಬಂದೇ ಎತ್ತಬೇಕು. ಆ ಮನೆಯ ಯಜಮಾನರು ಬರುವುದಿಲ್ಲ ಎಂದಿದ್ದವರು ಹತ್ತು ಗಂಟೆಗೆ ಬೂಟು ಹಾಕಿಕೊಂಡು ಬಂದರು, ಕೊನೆಯವರೆಗೂ ಇದ್ದರು.

ಮೂರನೆಯ ಜಾಲರಿಯನ್ನು ಎತ್ತಿದಾಗ ಎಲ್ಲರೂ ಸುಮ್ಮನಾದೆವು. ಅದರ ಕೆಳಗಿನ ಗುಂಡಿಯಲ್ಲಿ ನಾಲ್ಕು ದಿನದಿಂದ ನಿಂತಿದ್ದ ಕಪ್ಪು ನೀರು ಒಮ್ಮೆ ಗೊಳಕ್ಕೆಂದು ಸುಳಿ ತಿರುಗಿ ಕೆಳಗಿಳಿಯಿತು. ಕಿವಿಯಿಟ್ಟು ಕೇಳಿದರೆ ಕೊಳವೆಯಲ್ಲಿ ಕಾಲುವೆಯ ಕಡೆ ಹರಿಯುವ ಸದ್ದು.

ಹನ್ನೊಂದನೆಯದರ ಜಾಲರಿ ಸ್ವಚ್ಛವಾಗಿದೆ, ಆದರೆ ನೀರು ಇಳಿಯುತ್ತಿಲ್ಲ. ಕೊಳವೆಯೊಳಗೇ ಏನೋ ಸಿಕ್ಕಿಕೊಂಡಿದೆ. ಅಲ್ಲಿಗೆ ಹೀರುವ ಯಂತ್ರ ಬೇಕು, ಮನವಿಯ ಮೊದಲ ಸಾಲು ಅದೇ. ಎರಡನೆಯದು ಕವಾಟ. ಕರಡು ಎತ್ತರದ ಮನೆಯವರ ಬಳಿ ಇದೆ, ಸಹಿಗೆ ನಾಳೆ ಸಂಜೆ ಮನೆಮನೆಗೆ ಬರುತ್ತೇವೆ.

ಗುರುವಾರ ಭರತದ ವೇಳೆಗೆ ಪ್ರತಿ ಜಾಲರಿಗೆ ಒಬ್ಬರು ನಿಂತು, ನೀರು ಎಷ್ಟು ಮೇಲೆ ಬಂತು ಎಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಒಂದರಿಂದ ಆರಕ್ಕೆ ಹೆಸರು ಬಂದಿವೆ. ಏಳರಿಂದ ಹನ್ನೊಂದಕ್ಕೆ ಯಾರು?

ಬಾಡಿಗೆ ಮನೆ, 6.34

ಏಳು ನನಗಿರಲಿ. ಅರ್ಜಿ ಹಾಕಿದೆವು. ಅತ್ತೆ ಎಂಟಕ್ಕೆ ತಾವು ನಿಲ್ಲುತ್ತಾರಂತೆ, ಟಾರ್ಚ್ ಕೊಡಬೇಕು.